ಓದುಗರ ಪ್ರಶ್ನೆ: ಯಾವ ಭಾಷೆಯವರು ಎಲ್ಲೆಲ್ಲಿ ಹೋಗಿ ನೆಲೆಸಿದರು?

ಹೊರನಾಡ ಕನ್ನಡಿಗರ ಬಗ್ಗೆ ಕಳೆದ ಸಂಚಿಕೆಯಲ್ಲಿ ಒಂದು ಚಿಕ್ಕ ಟಿಪ್ಪಣಿ ಪ್ರಕಟವಾದ ಮೇಲೆ ಬೆಂಗಳೂರಿನ ನಾನಾ ಬಡಾವಣೆಗಳಿಂದ ಪತ್ರಗಳು ಬಂದಿವೆ. ಬಹುತೇಕ ಪತ್ರಗಳು ಒಂದೇ ವಿಷಯದ ಸುತ್ತ ಇರುವುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಡಲಾಗಿದೆ. ಇಲ್ಲಿ ಕೊಟ್ಟಿರುವ ಸಂಖ್ಯೆಗಳೆಲ್ಲ 2011ರ ಜನಗಣತಿಯವು. 2021ರಲ್ಲಿ ನಡೆಯಬೇಕಿದ್ದ ಗಣತಿ ಮುಂದೂಡಿಕೆಯಾದ ಕಾರಣ ಭಾಷೆಗಳ ಮಟ್ಟಿಗೆ ಇಡೀ ದೇಶದ ಕೊನೆಯ ಲೆಕ್ಕ ಅದೇ ಆಗಿದೆ.

ಪ್ರಶ್ನೆ: ಮಲಯಾಳಿಗಳು, ತಮಿಳರು ದೇಶದ ಮೂಲೆಮೂಲೆಯಲ್ಲೂ ಸಿಗುತ್ತಾರೆ, ಕನ್ನಡಿಗ ಮಾತ್ರ ಊರು ಬಿಟ್ಟು ಕದಲುವವನಲ್ಲ ಎಂಬ ಮಾತನ್ನು ಚಿಕ್ಕಂದಿನಿಂದಲೂ ಕೇಳಿಕೊಂಡು ಬಂದಿದ್ದೇನೆ. ಇದು ಎಷ್ಟು ನಿಜ? ಕರ್ನಾಟಕದ ಹೊರಗೆ ಕನ್ನಡಿಗರು ಎಷ್ಟಿದ್ದಾರೆ, ಎಲ್ಲಿದ್ದಾರೆ?
(ರಾಜಾಜಿನಗರದ ಓದುಗರೊಬ್ಬರು)

ಉತ್ತರ: ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು ದೇಶದಲ್ಲಿ ಸುಮಾರು 4.37 ಕೋಟಿ. ಅವರಲ್ಲಿ 4.06 ಕೋಟಿಗೂ ಹೆಚ್ಚು ಜನ, ಎಂದರೆ ನೂರಕ್ಕೆ 93 ಮಂದಿ, ಕರ್ನಾಟಕದಲ್ಲೇ ಇದ್ದರು. ಇಷ್ಟನ್ನೇ ನೋಡಿದರೆ ನೀವು ಕೇಳಿದ ಮಾತು ನಿಜವೆಂದೇ ತೋರುತ್ತದೆ. ಆದರೆ ಅದೇ ಅಳತೆಗೋಲನ್ನು ನೆರೆಯವರಿಗೂ ಹಿಡಿಯಬೇಕಲ್ಲವೇ? 6.90 ಕೋಟಿ ತಮಿಳರಲ್ಲಿ ಸುಮಾರು 6.37 ಕೋಟಿ ಮಂದಿ ತಮಿಳುನಾಡಿನಲ್ಲಿ, 8.30 ಕೋಟಿ ಮರಾಠಿಗರಲ್ಲಿ ಸುಮಾರು 7.75 ಕೋಟಿ ಮಂದಿ ಮಹಾರಾಷ್ಟ್ರದಲ್ಲಿ, 3.48 ಕೋಟಿ ಮಲಯಾಳಿಗಳಲ್ಲಿ ಸುಮಾರು 3.24 ಕೋಟಿ ಮಂದಿ ಕೇರಳದಲ್ಲಿ ಇದ್ದರು. ಶೇಕಡಾ ಲೆಕ್ಕಕ್ಕೆ ಇಳಿಸಿದರೆ ನಾಲ್ಕೂ ಭಾಷೆಗಳು 92-93ರ ಆಸುಪಾಸಿಗೇ ಬಂದು ನಿಲ್ಲುತ್ತವೆ. ಊರು ಬಿಡುವುದರಲ್ಲಿ ಮಲಯಾಳಿಗೂ ಕನ್ನಡಿಗನಿಗೂ ದೇಶದೊಳಗೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂದರೆ ಅನೇಕರು ನಂಬಲಾರರು; ಕೊಲ್ಲಿ ದೇಶಗಳಿಗೆ ಹೋದ ಮಲಯಾಳಿಗಳು ಈ ಗಣತಿಯಲ್ಲಿ ಬರುವುದಿಲ್ಲ ಎಂಬುದನ್ನು ಮಾತ್ರ ನೆನಪಿಡಬೇಕು.

ವ್ಯತ್ಯಾಸವಿರುವುದು ಹೊರಗಿರುವವರು ಎಲ್ಲಿದ್ದಾರೆ ಎಂಬುದರಲ್ಲಿ. ಕರ್ನಾಟಕದ ಹೊರಗಿನ ಕನ್ನಡಿಗರು ಸುಮಾರು 30 ಲಕ್ಷ. ಇವರಲ್ಲಿ ತಮಿಳುನಾಡಿನಲ್ಲಿ 12.8 ಲಕ್ಷ, ಮಹಾರಾಷ್ಟ್ರದಲ್ಲಿ 10 ಲಕ್ಷ, ಆಗಿನ್ನೂ ಒಂದಾಗಿದ್ದ ಆಂಧ್ರಪ್ರದೇಶದಲ್ಲಿ 5 ಲಕ್ಷಕ್ಕೂ ಹೆಚ್ಚು, ಕೇರಳದಲ್ಲಿ 78 ಸಾವಿರ, ಗೋವಾದಲ್ಲಿ 68 ಸಾವಿರದಷ್ಟು ಜನ ಇದ್ದರು. ಕೂಡಿಸಿ ನೋಡಿ: ಗಡಿಗೆ ತಾಗಿದ ರಾಜ್ಯಗಳಿಗೇ ಹೆಚ್ಚುಕಡಿಮೆ ಎಲ್ಲವೂ ಮುಗಿದು, ದಿಲ್ಲಿ, ಗುಜರಾತ್, ಬಂಗಾಳವೆಲ್ಲ ಸೇರಿದ ಉಳಿದ ಇಡೀ ದೇಶದ ಪಾಲಿಗೆ ಒಂದು ಲಕ್ಷದ ಆಸುಪಾಸು ಉಳಿಯುತ್ತದೆ. ಹೊರನಾಡ ಕನ್ನಡಿಗ ಎಂದೊಡನೆ ಪೆಟ್ಟಿಗೆ ಕಟ್ಟಿಕೊಂಡು ರೈಲು ಹತ್ತಿದವನ ಚಿತ್ರ ನಮ್ಮ ಕಣ್ಣ ಮುಂದೆ ಬರುತ್ತದೆ. ವಾಸ್ತವದಲ್ಲಿ ಈ 30 ಲಕ್ಷದಲ್ಲಿ ಬಹಳಷ್ಟು ಜನ ಎಲ್ಲಿಗೂ ಹೋದವರಲ್ಲ. ಅವರು ತಮ್ಮ ಹಳ್ಳಿಯಲ್ಲೇ ಇದ್ದರು, ರಾಜ್ಯದ ಗೆರೆ ಅವರ ಹೊಲ ದಾಟಿ ಆಚೆ ಬಿತ್ತು. 1953ರಲ್ಲಿ ಬಳ್ಳಾರಿ ಜಿಲ್ಲೆ ಮೈಸೂರಿಗೆ ಸೇರುವಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು, ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಆಚೆ ಉಳಿದವು. ಡಾ. ರಾಜ್‌ಕುಮಾರ್ ಅವರ ಊರಾದ ಗಾಜನೂರು ಕೂಡ ತಮಿಳುನಾಡಿನ ಈರೋಡು ಜಿಲ್ಲೆಯ ತಾಳವಾಡಿ ಭಾಗದಲ್ಲಿದೆ ಎಂಬುದನ್ನು ಬೆಂಗಳೂರಿನವರಿಗೆ ಆಗಾಗ ನೆನಪಿಸಬೇಕಾಗುತ್ತದೆ.

ತಮಿಳುನಾಡಿನ ಸಂಖ್ಯೆಯೊಳಗೆ ಇನ್ನೊಂದು ಪದರವಿದೆ. ಹೊಸೂರು, ತಾಳವಾಡಿಗಳನ್ನು ಗಡಿಯ ಲೆಕ್ಕಕ್ಕೆ ಬಿಡೋಣ. ಕೊಯಮತ್ತೂರು, ಸೇಲಂ ಕಡೆಯ ದೇವಾಂಗ ನೇಕಾರರು, ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ಕಪ್ಪಿಲಿಯರ್ ಎಂದು ಕರೆಸಿಕೊಳ್ಳುವ ಒಕ್ಕಲು ಮನೆತನಗಳು ಗಡಿಯಿಂದ ಬಹು ದೂರದಲ್ಲಿದ್ದು ತಲೆತಲಾಂತರದಿಂದ ಮನೆಯೊಳಗೆ ಕನ್ನಡವಾಡಿಕೊಂಡು ಬಂದಿದ್ದಾರೆ. ವಿಜಯನಗರ ಮತ್ತು ಮಧುರೆಯ ನಾಯಕರ ಕಾಲದಲ್ಲಿ ದಕ್ಷಿಣಕ್ಕೆ ಇಳಿದು ಬಂದೆವೆಂಬ ಹೇಳಿಕೆ ಇಂಥ ಸಮುದಾಯಗಳಲ್ಲಿದೆ. ಅವರಲ್ಲಿ ಹೆಚ್ಚಿನವರು ಕನ್ನಡವನ್ನು ಓದಲಾರರು, ಬರೆಯಲಾರರು. ಅಂಗಡಿ, ಶಾಲೆ, ಕಚೇರಿಯೆಲ್ಲ ತಮಿಳಿನಲ್ಲಿ ನಡೆಯುತ್ತದೆ, ಮಗ್ಗದ ಮನೆಯ ಮಾತು ಮಾತ್ರ ಕನ್ನಡ. ನಮ್ಮ ಸಾಹಿತ್ಯ ಸಮ್ಮೇಳನಗಳಲ್ಲಿ ಹೊರನಾಡಿಗೆಂದು ಒಂದು ಗೋಷ್ಠಿ ತಪ್ಪದೆ ಇರುತ್ತದೆ. ಈ ನೇಕಾರರ ಹೆಸರು ಅದರಲ್ಲಿ ಕೇಳಿಬರುವುದು ಅಪರೂಪ.

ದುಡಿಮೆಗಾಗಿ ನಿಜವಾಗಿ ದೂರ ಹೋದವರೆಂದರೆ ಕರಾವಳಿಯವರು. ಮುಂಬೈಯ ಉಡುಪಿ ಹೋಟೆಲುಗಳ ಕಥೆ ಎಲ್ಲರಿಗೂ ಗೊತ್ತಿದೆ. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಮಾಧ್ಯಮದ ರಾತ್ರಿಶಾಲೆಗಳಲ್ಲಿ ಕೂತು ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗರ ಒಂದು ಇಡೀ ತಲೆಮಾರೇ ಅಲ್ಲಿ ಬೆಳೆಯಿತು. ಆದರೆ ಅವರಲ್ಲಿ ಬಹುಮಂದಿಯ ಮನೆಮಾತು ತುಳು ಅಥವಾ ಕೊಂಕಣಿ. ಓದಿದ್ದು, ಪತ್ರ ಬರೆದದ್ದು, ಯಕ್ಷಗಾನ ಆಡಿಸಿದ್ದು ಕನ್ನಡದಲ್ಲಾದರೂ ಗಣತಿಯ ಪಟ್ಟಿಯಲ್ಲಿ ಅವರು ಕನ್ನಡದ ಸಾಲಿಗೆ ಬರುವುದಿಲ್ಲ. ಮಲಯಾಳದ ವಿಷಯ ಬೇರೆ: ತಮಿಳುನಾಡು, ಕರ್ನಾಟಕ ಎರಡರಲ್ಲೂ ತಲಾ 7 ಲಕ್ಷಕ್ಕೂ ಹೆಚ್ಚು ಮಲಯಾಳಿಗಳಿದ್ದು, ಅದರಾಚೆ ದಿಲ್ಲಿ, ಮುಂಬೈಯಂಥ ಪಟ್ಟಣಗಳಲ್ಲೂ ಅವರು ಚೆದುರಿದ್ದಾರೆ. ಚೆದುರಿದವರು ಎಲ್ಲರ ಕಣ್ಣಿಗೂ ಬೀಳುತ್ತಾರೆ. ಗಡಿಯಲ್ಲಿ ಗುಂಪಾಗಿರುವವರು ಬೆಂಗಳೂರಿನ ಕಣ್ಣಿಗೆ ಬೀಳುವುದಿಲ್ಲ.

ಪ್ರಶ್ನೆ: ನಮ್ಮ ಮನೆಯಲ್ಲಿ ಮುತ್ತಜ್ಜನ ಕಾಲದಿಂದ ತೆಲುಗು ಮಾತಾಡುತ್ತೇವೆ. ಓದು ಬರಹ, ಲೆಕ್ಕಪತ್ರ, ಮದುವೆಯ ಕರೆಯೋಲೆ ಎಲ್ಲವೂ ಕನ್ನಡದಲ್ಲಿ. ತೆಲುಗು ಅಕ್ಷರ ನಮ್ಮಲ್ಲಿ ಯಾರಿಗೂ ಬಾರದು. ಗಣತಿಯವರು ಬಂದರೆ ಮಾತೃಭಾಷೆ ಯಾವುದೆಂದು ಬರೆಸಬೇಕು? ತೆಲುಗು ಎಂದರೆ ಕನ್ನಡಕ್ಕೆ ದ್ರೋಹ ಬಗೆದಂತಾಗುತ್ತದೆ ಎಂದು ಮಗ ವಾದಿಸುತ್ತಾನೆ.
(ಬಳೇಪೇಟೆಯ ಓದುಗರೊಬ್ಬರು)

ಉತ್ತರ: ತೆಲುಗು ಎಂದೇ ಬರೆಸಿ. ಗಣತಿಯ ಪ್ರಕಾರ ಮಾತೃಭಾಷೆಯೆಂದರೆ ಬಾಲ್ಯದಲ್ಲಿ ತಾಯಿ ಮಗುವಿನೊಂದಿಗೆ ಆಡಿದ ಭಾಷೆ. ತಾಯಿ ಎಳವೆಯಲ್ಲೇ ತೀರಿಕೊಂಡಿದ್ದರೆ ಬಾಲ್ಯದಲ್ಲಿ ಮನೆಯೊಳಗೆ ಮುಖ್ಯವಾಗಿ ಬಳಕೆಯಲ್ಲಿದ್ದ ಭಾಷೆ. ಓದಲು ಬರೆಯಲು ಬರಬೇಕೆಂಬ ನಿಯಮವಿಲ್ಲ. ಅದರ ಪಕ್ಕದಲ್ಲೇ ನಿಮಗೆ ಬರುವ ಇನ್ನೆರಡು ಭಾಷೆಗಳನ್ನು ಬರೆಸುವ ಅವಕಾಶವಿದೆ, ಅಲ್ಲಿ ಕನ್ನಡವನ್ನು ಮೊದಲು ಬರೆಸಿ. ಬೆಂಗಳೂರಿನ ಮಂದಿ ಅವಸರದಲ್ಲಿ ಬಿಟ್ಟುಬಿಡುವುದು ಈ ಭಾಗವನ್ನೇ. 2011ರಲ್ಲಿ ಕನ್ನಡವನ್ನು ಎರಡನೆಯ ಭಾಷೆಯಾಗಿ ಬರೆಸಿದವರು ಸುಮಾರು 1.4 ಕೋಟಿ, ಮೂರನೆಯದಾಗಿ ಬರೆಸಿದವರು 10 ಲಕ್ಷದಷ್ಟು ಜನ. ಇವರನ್ನೂ ಸೇರಿಸಿದರೆ ಕನ್ನಡ ಬಲ್ಲವರ ಸಂಖ್ಯೆ 5.8 ಕೋಟಿ ದಾಟುತ್ತದೆ. ನಿಮ್ಮಂಥ ಮನೆಗಳೇ ಆ ಸಂಖ್ಯೆಯನ್ನು ಹಿಗ್ಗಿಸಿರುವಾಗ ದ್ರೋಹದ ಮಾತು ಎಲ್ಲಿಂದ ಬಂತು? ಈ ಉತ್ತರವನ್ನು ಮಗನಿಗೂ ಓದಿಸಿ.

ಬರೆಸಿದ ಮೇಲೆ ಏನಾಗುತ್ತದೆ ಎಂಬುದನ್ನೂ ತಿಳಿದಿರುವುದು ಒಳ್ಳೆಯದು. 2011ರಲ್ಲಿ ದೇಶದ ಜನ ಬರೆಸಿದ ಮಾತೃಭಾಷೆಗಳ ಹೆಸರುಗಳು 19,569. ಅದರಲ್ಲಿ ಜಾತಿಯ ಹೆಸರು, ಊರಿನ ಹೆಸರು, ಕಾಗುಣಿತದ ವ್ಯತ್ಯಾಸಗಳೆಲ್ಲ ಸೇರಿರುತ್ತವೆ. ಇವನ್ನು ಜರಡಿ ಹಿಡಿದು 1,369 ಮಾತೃಭಾಷೆಗಳೆಂದು ಗುರುತಿಸಿ, ಅವುಗಳನ್ನು ಗುಂಪು ಮಾಡಿ, 10,000ಕ್ಕಿಂತ ಹೆಚ್ಚು ಜನರಾಡುವ 121 ಭಾಷೆಗಳ ಪಟ್ಟಿಯನ್ನು ಪ್ರಕಟಿಸಲಾಯಿತು. ಇದರಲ್ಲಿ 22 ಭಾಷೆಗಳು ಸಂವಿಧಾನದ ಎಂಟನೆಯ ಪರಿಚ್ಛೇದದವು. ಯಾವ ಮಾತನ್ನು ಯಾವ ಭಾಷೆಯ ಗುಂಪಿಗೆ ಸೇರಿಸಿದ್ದಾರೆ ಎಂಬಲ್ಲಿಯೇ ತಕರಾರು ಹುಟ್ಟುವುದು. ನೀಲಗಿರಿಯ ಬಡಗವನ್ನು ಆಡುವ 1.3 ಲಕ್ಷ ಜನರನ್ನು ಕನ್ನಡದ ಲೆಕ್ಕಕ್ಕೆ ಸೇರಿಸಲಾಗಿದೆ. ಬಡಗರಲ್ಲೇ ಅನೇಕರು ತಮ್ಮದು ಸ್ವತಂತ್ರ ಭಾಷೆಯೆನ್ನುತ್ತಾರೆ. ಮಧುರೆಯ ರೇಷ್ಮೆ ನೇಕಾರರ ಸೌರಾಷ್ಟ್ರವು ಗುಜರಾತಿಯ ಕೆಳಗೆ ಬರುತ್ತದೆ, ಆದರೆ ಇಂದಿನ ಗುಜರಾತಿನಿಂದ ಬಂದವರಿಗೆ ಆ ಮಾತು ಸುಲಭವಾಗಿ ತಿಳಿಯುವಂಥದ್ದಲ್ಲ. ತುಳು ಮಾತ್ರ 18.46 ಲಕ್ಷ ಜನರೊಂದಿಗೆ ತನ್ನದೇ ಸಾಲಿನಲ್ಲಿ ನಿಂತಿದೆ.

ನಮಗೆ ಹತ್ತಿರದ ಉದಾಹರಣೆ ಲಂಬಾಣಿ. ದೇಶದಲ್ಲಿ ಲಂಬಾಣಿ ಆಡುವವರು 32 ಲಕ್ಷಕ್ಕೂ ಹೆಚ್ಚು, ಇವರೆಲ್ಲರನ್ನೂ ಹಿಂದಿಯ ಗುಂಪಿಗೆ ಸೇರಿಸಲಾಗಿದೆ. ಕರ್ನಾಟಕದಲ್ಲಿ ಹಿಂದಿಯವರು ನೂರಕ್ಕೆ 3ರಷ್ಟಿದ್ದಾರೆ ಎಂಬ ಅಂಕಿಯನ್ನು ಹಿಡಿದು ವಾದಿಸುವವರು ಅದರಲ್ಲಿ ವಿಜಯಪುರ, ಕಲಬುರಗಿ, ದಾವಣಗೆರೆ ಕಡೆಯ ತಾಂಡಾಗಳ ಜನ ದೊಡ್ಡ ಪಾಲಿನಲ್ಲಿದ್ದಾರೆ ಎಂಬುದನ್ನು ಗಮನಿಸಿರುವುದಿಲ್ಲ. ಶತಮಾನಗಳಿಂದ ಇಲ್ಲೇ ಇದ್ದು, ಸರಾಗವಾಗಿ ಕನ್ನಡವಾಡುವ ಈ ಜನರು ಯಾವ ರೈಲಿನಲ್ಲೂ ಮೊನ್ನೆ ಬಂದಿಳಿದವರಲ್ಲ. ದೇಶದ ಮಟ್ಟದಲ್ಲೂ ಹೀಗೆಯೇ: ಹಿಂದಿಯವರೆಂದು ಹೇಳುವ 52.8 ಕೋಟಿಯಲ್ಲಿ 5 ಕೋಟಿ ಭೋಜಪುರಿಯವರೂ 2.5 ಕೋಟಿ ರಾಜಸ್ಥಾನಿಯವರೂ 1.6 ಕೋಟಿ ಛತ್ತೀಸಗಢಿಯವರೂ ಸೇರಿದ್ದಾರೆ. ಹಿಂದಿ ಎಂದೇ ಬರೆಸಿದವರು ಸುಮಾರು 32 ಕೋಟಿ. ಆದ್ದರಿಂದ ಭಾಷೆಗಳ ಹರಡುವಿಕೆಯ ನಕ್ಷೆಯನ್ನು ನೋಡುವಾಗ ಒಟ್ಟು ಮೊತ್ತದ ಸಾಲನ್ನು ಬಿಟ್ಟು ಅದರ ಕೆಳಗಿನ ಸಣ್ಣ ಅಕ್ಷರದ ಸಾಲುಗಳನ್ನು ಓದಬೇಕು. ಮುಂದಿನ ಗಣತಿ 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟುಕೊಂಡು ನಡೆಯಲಿದೆ. ಮನೆಯ ಹಿರಿಯರು ಆಡುವ ಮಾತಿನ ಹೆಸರನ್ನು ಹೇಗಿದೆಯೋ ಹಾಗೆಯೇ ಹೇಳಿ, ಗಣತಿದಾರರು ಬರೆದುಕೊಂಡದ್ದನ್ನು ಒಮ್ಮೆ ಕೇಳಿ ಖಚಿತಪಡಿಸಿಕೊಳ್ಳುವುದು ಎಲ್ಲರಿಗೂ ಕ್ಷೇಮ.

ಪ್ರಶ್ನೆ: ಬೆಂಗಳೂರಿನಲ್ಲಿ ಇಷ್ಟೊಂದು ಭಾಷೆಗಳು ಬಂದು ಸೇರಿದ್ದು ಐಟಿ ಕಂಪನಿಗಳ ಕಾಲದಲ್ಲಿಯೇ?
(ಹಲಸೂರಿನ ಓದುಗರೊಬ್ಬರು)

ಉತ್ತರ: ಹಲಸೂರಿನಲ್ಲಿದ್ದುಕೊಂಡು ನೀವು ಈ ಪ್ರಶ್ನೆ ಕೇಳಿರುವುದು ಸ್ವಲ್ಪ ಆಶ್ಚರ್ಯವೇ! ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಊರು ಕಸುಬಿಗೊಂದು ಪೇಟೆಯಂತೆ ಬೆಳೆಯಿತು, ಅರಳೆಪೇಟೆ, ಅಕ್ಕಿಪೇಟೆ, ತರಗುಪೇಟೆ, ಗಾಣಿಗರಪೇಟೆ ಎಂಬ ಹೆಸರುಗಳೇ ಅದನ್ನು ಹೇಳುತ್ತವೆ. ಕಸುಬಿನವರು ಬಂದಂತೆ ಅವರ ಮನೆಮಾತೂ ಬಂತು. ನೇಯ್ಗೆಯವರ, ವ್ಯಾಪಾರಿಗಳ ತೆಲುಗು ಹೀಗೆ ಪೇಟೆಯ ಒಳಗೇ ಇತ್ತು. ಕರಗ ಹೊರುವ ತಿಗಳರು ತಮಿಳು ಮೂಲದವರೆಂದು ಹೇಳಲಾಗುತ್ತದೆ; ಊರಿನ ಸುತ್ತ ಹೂವು, ತರಕಾರಿ ತೋಟ ಮಾಡಿದವರು ಅವರು. 1638ರಲ್ಲಿ ಬಿಜಾಪುರದ ಸೇನೆ ಊರನ್ನು ಗೆದ್ದ ಮೇಲೆ ಇದು ಶಹಾಜಿ ಭೋಂಸ್ಲೆಯ ಜಹಗೀರಾಯಿತು, ಮರಾಠಿ ಬಂತು. ಕಲಬುರಗಿಯಲ್ಲಿ 1347ರಲ್ಲಿ ರಾಜಧಾನಿಯಿಟ್ಟ ಬಹಮನಿ ಸುಲ್ತಾನರ ಕಾಲದಿಂದ ದಖ್ಖನಿನಲ್ಲಿ ಬೆಳೆದ ದಖನಿ ಉರ್ದು ಕೂಡ ಅದೇ ದಾರಿಯಲ್ಲಿ ದಕ್ಷಿಣಕ್ಕೆ ಇಳಿಯಿತು.

ಆದರೂ ಬೆಂಗಳೂರಿನ ಭಾಷೆಗಳ ಲೆಕ್ಕವನ್ನೇ ತಿರುವಿದ್ದು 1809. ಶ್ರೀರಂಗಪಟ್ಟಣದಲ್ಲಿದ್ದ ಬ್ರಿಟಿಷ್ ಪಡೆಯನ್ನು ಆ ವರ್ಷ ಹಲಸೂರಿನ ಬಳಿಗೆ ತಂದು ದಂಡು ಪ್ರದೇಶವನ್ನು ಸ್ಥಾಪಿಸಿದರು. ಮದ್ರಾಸ್ ಸೇನೆಯ ಜೊತೆಗೆ ಅದರ ಸಿಪಾಯಿಗಳು, ಅಡುಗೆಯವರು, ಅಗಸರು, ಗಾಡಿಯವರು, ಗುತ್ತಿಗೆದಾರರು, ಗುಮಾಸ್ತರು ಬಂದರು. ಇವರಲ್ಲಿ ಹೆಚ್ಚಿನವರ ಮಾತು ತಮಿಳು. 1864ರಲ್ಲಿ ದಂಡಿಗೆ ಬಂದ ಮೊದಲ ರೈಲು ಮಾರ್ಗವೂ ಜೋಲಾರಪೇಟೆಯ ಮೂಲಕ ಮದ್ರಾಸಿನ ಕಡೆಗಿತ್ತು. ಮೈಸೂರಿನಿಂದ ಎತ್ತಿನ ಗಾಡಿಯಲ್ಲಿ ಬರುವುದಕ್ಕಿಂತ ಉತ್ತರ ಆರ್ಕಾಟಿನಿಂದ ರೈಲಿನಲ್ಲಿ ಬಂದಿಳಿಯುವುದು ಆಗ ಸುಲಭವಾಗಿತ್ತು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ದಂಡನ್ನು ಬ್ರಿಟಿಷರು ತಮ್ಮ ಕೈಯಲ್ಲೇ ಉಳಿಸಿಕೊಂಡರು. ಹೀಗೆ ಒಂದೇ ಊರಿನ ಎರಡು ಭಾಗಗಳು ಬೇರೆ ಬೇರೆ ಆಡಳಿತದಲ್ಲಿ, ನಡುವೆ ಕಬ್ಬನ್ ಪಾರ್ಕನ್ನು ಇಟ್ಟುಕೊಂಡು, ಬೇರೆ ಬೇರೆ ಭಾಷೆಗಳಲ್ಲಿ ಬೆಳೆದವು. ಎರಡೂ ಒಂದೇ ನಗರಪಾಲಿಕೆಯ ಕೆಳಗೆ ಬಂದದ್ದು 1949ರಲ್ಲಿ. ಶಿವಾಜಿನಗರ, ಹಲಸೂರು, ಫ್ರೇಜರ್ ಟೌನುಗಳ ತಮಿಳರನ್ನು ವಲಸಿಗರೆಂದು ಕರೆಯುವವರು ಈ ದಿನಾಂಕಗಳನ್ನು ಒಮ್ಮೆ ನೋಡಬೇಕು. ಅವರಲ್ಲಿ ಅನೇಕ ಮನೆತನಗಳು ಇಲ್ಲಿಗೆ ಬಂದು ಐದಾರು ತಲೆಮಾರುಗಳಾಗಿವೆ.

ಆಮೇಲಿನದು ನಿಮಗೆ ತಿಳಿದದ್ದೇ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ದೂರವಾಣಿ ಕಾರ್ಖಾನೆಯಾದ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದು ದಕ್ಷಿಣದ ಎಲ್ಲ ರಾಜ್ಯಗಳಿಂದ ಕಾರ್ಮಿಕರನ್ನೂ ತಂತ್ರಜ್ಞರನ್ನೂ ಕರೆದುಕೊಂಡವು. ಐಟಿ ಇದರ ಕೊನೆಯ ಅಲೆ. ಅದರೊಂದಿಗೆ ಬಂದ ಬಂಗಾಳಿ, ಒಡಿಯಾ, ಅಸ್ಸಾಮಿ ಮಾತಾಡುವವರಲ್ಲಿ ಎಂಜಿನಿಯರುಗಳಷ್ಟೇ ಕಟ್ಟಡದ ಕೂಲಿಗಳೂ ಕಾವಲುಗಾರರೂ ಇದ್ದಾರೆ. ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡ ಮಾತೃಭಾಷೆಯವರು ಅರ್ಧಕ್ಕಿಂತ ಕಡಿಮೆ ಎಂಬುದು ಐಟಿಗಿಂತ ಹಳೆಯ ಸಂಗತಿ. ಕಳವಳಪಡುವುದಾದರೆ ಬೇರೆ ಕಾರಣಕ್ಕೆ ಪಡಬೇಕು. ಹಿಂದೆ ಬಂದವರಿಗೆ ಮಾರುಕಟ್ಟೆಯಲ್ಲಿ, ಕಾರ್ಖಾನೆಯಲ್ಲಿ, ವಠಾರದ ನಲ್ಲಿಯ ಹತ್ತಿರ ಕನ್ನಡವಿಲ್ಲದೆ ದಿನ ಸಾಗುತ್ತಿರಲಿಲ್ಲ. ಇಂದು ಗೇಟಿನೊಳಗಿನ ಅಪಾರ್ಟ್‌ಮೆಂಟಿಗೆ ಸಾಮಾನು ಆ್ಯಪಿನ ಮೂಲಕ ಬರುತ್ತದೆ, ಕನ್ನಡ ಕಲಿಯುವ ಸಂದರ್ಭವೇ ಒದಗುವುದಿಲ್ಲ. ಸಂಖ್ಯೆಗಿಂತ ಇದು ಹೆಚ್ಚು ಯೋಚಿಸಬೇಕಾದ ವಿಷಯ ಎಂಬುದು ಈ ಅಂಕಣಕಾರನ ಅಭಿಪ್ರಾಯ.

ಪ್ರಶ್ನೆ: ಕೆಲವರು ನೂರಾರು ವರ್ಷ ಪರನಾಡಿನಲ್ಲಿದ್ದೂ ಮನೆಮಾತನ್ನು ಉಳಿಸಿಕೊಳ್ಳುತ್ತಾರೆ. ದಿಲ್ಲಿಯಲ್ಲಿರುವ ನನ್ನ ಅಕ್ಕನ ಮೊಮ್ಮಕ್ಕಳಿಗೆ ಆಗಲೇ ಕನ್ನಡ ಬರುವುದಿಲ್ಲ. ಕಾರಣವೇನು?
(ಬಸವನಗುಡಿಯ ಓದುಗರೊಬ್ಬರು)

ಉತ್ತರ: ಭಾಷಾಭಿಮಾನ ಕಡಿಮೆಯಾಯಿತೆಂದು ಅಕ್ಕನವರನ್ನು ಆಕ್ಷೇಪಿಸಬೇಡಿ. ಉಳಿದ ಕಡೆಗಳಲ್ಲಿ ಉಳಿದದ್ದು ಅಭಿಮಾನದಿಂದಲ್ಲ. ಬೆಂಗಳೂರಿನ ಜಹಗೀರನ್ನು ನೋಡಿಕೊಳ್ಳುತ್ತಿದ್ದ ಶಹಾಜಿಯ ಮಗ ವೆಂಕೋಜಿ 1670ರ ದಶಕದಲ್ಲಿ ತಂಜಾವೂರನ್ನು ಹಿಡಿದ. ಅವನ ವಂಶದ ಆಳ್ವಿಕೆ 1855ರಲ್ಲಿ ಮುಗಿದರೂ ತಂಜಾವೂರಿನ ಮರಾಠಿ ಮನೆಗಳಲ್ಲಿ ಆ ಮಾತು ಇಂದಿಗೂ ಇದೆ. ಮಧುರೆಯ ಸೌರಾಷ್ಟ್ರರದ್ದು ಅದಕ್ಕಿಂತಲೂ ಹಳೆಯ ವಲಸೆ. ಶಿವಮೊಗ್ಗದ ಹತ್ತಿರದ ಮತ್ತೂರಿನಲ್ಲಿ, ಶತಮಾನಗಳ ಹಿಂದೆ ತಮಿಳು ಸೀಮೆಯಿಂದ ಬಂದ ಸಂಕೇತಿ ಸಮುದಾಯದವರ ಮನೆಮಾತಾದ ಸಂಕೇತಿ ಕೇಳಿಸುತ್ತದೆ. ಈ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದೇ ರೀತಿಯ ಬಾಳುವೆ ಕಾಣುತ್ತದೆ: ಒಂದೇ ಬೀದಿಯಲ್ಲಿ ಸಾಲಾಗಿ ಮನೆಗಳು, ಮನೆತನದ ಒಂದೇ ಕಸುಬು ಅಥವಾ ವೃತ್ತಿ, ಹೆಣ್ಣು ಕೊಟ್ಟು ತರುವುದು ತಮ್ಮತಮ್ಮಲ್ಲೇ. ಸೊಸೆಯಾಗಿ ಬಂದವಳು ಅದೇ ಮಾತಿನವಳಾದ್ದರಿಂದ ಮಗುವಿಗೆ ಅದೇ ಮಾತು. ಶಾಲೆ ಬೇಕಾಗಲಿಲ್ಲ, ಲಿಪಿಯೂ ಬೇಕಾಗಲಿಲ್ಲ. ಇದಕ್ಕೆ ತೆತ್ತ ಬೆಲೆಯೂ ಇದೆ. ಜಾತಿಯ ಗೋಡೆ ಗಟ್ಟಿಯಾಗಿದ್ದಲ್ಲೇ ಭಾಷೆ ಗಟ್ಟಿಯಾಗಿ ಉಳಿಯಿತು ಎಂಬುದನ್ನು ಭಾಷೆಯ ಬಗ್ಗೆ ಬರೆಯುವ ನಾವು ಸಾಮಾನ್ಯವಾಗಿ ಹೇಳದೆ ಬಿಡುತ್ತೇವೆ.

ನಿಮ್ಮ ಅಕ್ಕನವರ ಮನೆಯಲ್ಲಿ ಈ ಯಾವುದೂ ಇರಲಾರದು. ಸರ್ಕಾರಿ ಕ್ವಾರ್ಟರ್ಸು, ಪಕ್ಕದ ಮನೆಯಲ್ಲಿ ಪಂಜಾಬಿ, ಶಾಲೆಯಲ್ಲಿ ಹಿಂದಿ ಮತ್ತು ಇಂಗ್ಲಿಷ್, ಸೊಸೆ ಬೇರೆ ಭಾಷೆಯವಳು; ಕನ್ನಡಕ್ಕೆ ಉಳಿದದ್ದು ಅಜ್ಜಿ ಒಬ್ಬರೇ. ಕನ್ನಡ ಸಂಘದ ರಾಜ್ಯೋತ್ಸವಕ್ಕೆ ವರ್ಷಕ್ಕೊಮ್ಮೆ ಕರೆದುಕೊಂಡು ಹೋದರೆ ಮಕ್ಕಳಿಗೆ ಹಾಡು ಬಂದೀತು, ಮಾತು ಬಾರದು. ರಜೆಯಲ್ಲಿ ಓರಗೆಯ ಮಕ್ಕಳ ಜೊತೆ ಒಂದೆರಡು ತಿಂಗಳು ಬಸವನಗುಡಿಯಲ್ಲೇ ಆಡಲು ಬಿಡಿ. ಹಿರಿಯರು ಕೂರಿಸಿಕೊಂಡು ಕಲಿಸುವುದಕ್ಕಿಂತ ಅದು ಬೇಗ ಹತ್ತುತ್ತದೆ.

ಪ್ರಶ್ನೆ: ಹೊರರಾಜ್ಯದಲ್ಲಿ ನೆಲೆಸಿದವರಿಗೆ ತಮ್ಮ ಮಕ್ಕಳನ್ನು ಕನ್ನಡದಲ್ಲಿ ಓದಿಸುವ ಹಕ್ಕು ಕಾನೂನಿನಲ್ಲಿದೆಯೇ?
(ಯಲಹಂಕದ ಓದುಗರೊಬ್ಬರು)

ಉತ್ತರ: ಇದೆ. ಭಾಷಾವಾರು ಪ್ರಾಂತ್ಯಗಳಾದ 1956ರಲ್ಲೇ ಸಂವಿಧಾನಕ್ಕೆ 350ಎ ವಿಧಿಯನ್ನು ಸೇರಿಸಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಕಲಿಸಲು ಸಾಕಷ್ಟು ಸೌಲಭ್ಯ ಒದಗಿಸುವಂತೆ ರಾಜ್ಯಗಳಿಗೆ ಹೇಳಲಾಯಿತು. 350ಬಿ ವಿಧಿಯ ಪ್ರಕಾರ ಇದನ್ನು ಪರಿಶೀಲಿಸಿ ರಾಷ್ಟ್ರಪತಿಗಳಿಗೆ ವರದಿ ಕೊಡಲು ಒಬ್ಬ ವಿಶೇಷಾಧಿಕಾರಿ ಇರುತ್ತಾರೆ. ಎಷ್ಟು ಮಕ್ಕಳಿದ್ದರೆ ಶಿಕ್ಷಕರನ್ನು ಕೊಡಬೇಕೆಂಬುದಕ್ಕೆ 1949ರಲ್ಲಿ ಪ್ರಾಂತ್ಯಗಳ ಶಿಕ್ಷಣ ಸಚಿವರು ಒಪ್ಪಿದ ಸೂತ್ರವೇ ಆಧಾರ: ಒಂದು ತರಗತಿಯಲ್ಲಿ 10 ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳು. ಮುಂಬೈ ಮಹಾನಗರ ಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆಗಳನ್ನು ನಡೆಸಿಕೊಂಡು ಬಂದಿದ್ದು, ಕನ್ನಡವೂ ಅವುಗಳಲ್ಲೊಂದು. ಕಾಸರಗೋಡು, ತಾಳವಾಡಿ, ಅಕ್ಕಲಕೋಟೆಗಳಲ್ಲೂ ಕನ್ನಡ ಶಾಲೆಗಳಿವೆ.

ಕಾಗದದ ಮೇಲಿನ ಈ ಹಕ್ಕು ಕೈಗೆ ಸಿಗಬೇಕಾದರೆ ತಂದೆತಾಯಂದಿರು ಮಾಡಬೇಕಾದದ್ದು ಒಂದಿದೆ. ಶಾಲೆಗೆ ಸೇರಿಸುವಾಗ ಅರ್ಜಿಯಲ್ಲಿ ಮಗುವಿನ ಮಾತೃಭಾಷೆಯೆಂಬ ಸಾಲನ್ನು ಖಾಲಿ ಬಿಡುವವರು, ಇಲ್ಲವೇ ಸುಮ್ಮನೆ ಆಯಾ ರಾಜ್ಯದ ಭಾಷೆಯನ್ನು ಬರೆದುಬಿಡುವವರು ಬಹಳ. ಹಾಗೆ ಮಾಡಿದರೆ ತರಗತಿಯಲ್ಲಿ ಹದಿನೈದು ಕನ್ನಡದ ಮಕ್ಕಳಿದ್ದರೂ ದಾಖಲೆಯಲ್ಲಿ ಹತ್ತು ತುಂಬುವುದಿಲ್ಲ, ಶಿಕ್ಷಕರ ಹುದ್ದೆ ಕೇಳಲು ಆಧಾರವೂ ಉಳಿಯುವುದಿಲ್ಲ. ಆ ಸಾಲಿನಲ್ಲಿ ಕನ್ನಡವೆಂದು ಬರೆದು, ಅಂಥ ಮಕ್ಕಳ ಪಟ್ಟಿಯನ್ನು ಹೆತ್ತವರೆಲ್ಲ ಸೇರಿ ಶೈಕ್ಷಣಿಕ ವರ್ಷ ಆರಂಭವಾಗುವ ಮೊದಲೇ ಮುಖ್ಯೋಪಾಧ್ಯಾಯರಿಗೂ ಜಿಲ್ಲೆಯ ಶಿಕ್ಷಣಾಧಿಕಾರಿಗಳಿಗೂ ಲಿಖಿತವಾಗಿ ಕೊಟ್ಟು, ಸ್ವೀಕೃತಿಯ ಪ್ರತಿಯನ್ನು ಇಟ್ಟುಕೊಳ್ಳಲಿ.